ಜೀವನ ಒಮ್ಮಿಂದೊಮ್ಮೆಲೆ ತಿರುಗಿ ಬಿದ್ದಾಗ: ಪುಣೆದ ಕನ್ನಡ ವಿಶ್ವಾಸಿಗಳು ಪದೇ ಪದೇ ಕೇಳೋ ಪ್ರಶ್ನೆಗಳು

ಭಾನುವಾರ ಆರಾಧನೆ ಮುಗಿದ ಮ್ಯಾಲೆ ಚಹಾ ಕಪ್ ಕೈಯಾಗ ಹಿಡ್ಕೊಂಡು ಒಬ್ಬರಲ್ಲಾ ಒಬ್ಬರು ನನ್ನ ಬದೀಗೆ ಕರೆದು ಕೇಳೋ ಪ್ರಶ್ನೆಗಳು ಇವು. ಎಲ್ಲರೂ ಶುರು ಮಾಡೋದು ಒಂದೇ ಥರ, "ಅಣ್ಣಾರ, ನನಗಲ್ಲ, ನಮ್ಮ ಪರಿಚಯದವರೊಬ್ರಿಗೆ" ಅಂತ. ಕಣ್ಣು ನೋಡಿದ್ರ ಗೊತ್ತಾಗ್ತದ ಯಾರಿಗೆ ಅಂತ, ಆದ್ರ ನಾನೂ ಸುಮ್ನ "ಹೂಂ, ಅವರಿಗೆ ಹಿಂಗ ಹೇಳ್ರಿ" ಅಂತೀನಿ. ನಾನು ಪಾಸ್ಟರ್ ಅಲ್ಲ, ಸೆಮಿನರಿ ಮೆಟ್ಲಾನೂ ಹತ್ತಿದವ ಅಲ್ಲ. ಗದಗ ಬೆಟಗೇರಿ ಕಡೆಯವ, ಪಿಂಪ್ರಿ ಚಿಂಚವಾಡಕ್ಕ ಬಂದು 22 ವರ್ಷ ಆತು, ಭೋಸರಿ ಎಂಐಡಿಸಿಯೊಳಗ ಕೆಲಸಾ ಮಾಡ್ತಿದ್ದೆ, 46ನೇ ವಯಸ್ಸಿನ್ಯಾಗ ಕಂಪ್ನಿ ಬಾಗಲಾ ಹಾಕ್ತು. ನನ್ನ ಹತ್ರ ಇರೋ ಸರ್ಟಿಫಿಕೇಟ್ ಅಷ್ಟೇ.

ಕೆಲಸಾ ಹೋತು, ಜಡ್ಡು ಬಂತು, ಮನಿ ಮುರೀತು. ಇದು ದೇವರು ಕೊಟ್ಟ ಶಿಕ್ಷೆ ಏನ್ರಿ?

ಇದೇ ಪ್ರಶ್ನೆನ ಶಿಷ್ಯರೂ ಕೇಳ್ಯಾರ. ಹುಟ್ಟು ಕುರುಡನ್ನ ನೋಡಿ, ಪಾಪ ಮಾಡಿದವ ಇವನೋ ಇವನ ತಂದಿತಾಯಿನೋ ಅಂತ. ಯೇಸು ಹೇಳಿದ್ದು, ಇವನೂ ಅಲ್ಲ ಅವರೂ ಅಲ್ಲ ಅಂತ. ಯೋಹಾನ 9ನೇ ಅಧ್ಯಾಯ. ಲೂಕ 13ರಾಗ ಇನ್ನೊಂದು ಮಾತು ಐತಿ, ಜನ ಅದನ್ನ ಅಷ್ಟಾಗಿ ಓದೂದಿಲ್ಲ: ಸಿಲೊವಾಮಿನ ಬುರುಜು ಬಿದ್ದು 18 ಮಂದಿ ಸತ್ತಿದ್ರು, ಅವರೇನು ಯೆರೂಸಲೇಮಿನ ಉಳಿದ ಎಲ್ಲರಕಿಂತ ದೊಡ್ಡ ಪಾಪಿಗಳಾಗಿದ್ರಾ, ಇಲ್ಲ ಅಂತ ಯೇಸುನೇ ಹೇಳ್ತಾನ. ಅಂದ್ರ ಬಿಲ್ಡಿಂಗ್ ಬಿದ್ದದ್ದು ಬಿಲ್ಡಿಂಗ್ ಬಿದ್ದದ್ದು.

ನಮ್ಮ ಕಂಪ್ನಿ ಮುಚ್ಚಿದ್ದು ದೊಡ್ಡ ಗಿರಾಕಿ ಆರ್ಡರ್ ಬ್ಯಾರೆ ಕಡೆ ಕೊಟ್ಟಿದ್ದಕ್ಕ. ನಾನು ಹಿಂದಿನ ವರ್ಷ ದಶಮಾಂಶ, ಅಂದ್ರ ಗಳಿಕಿಯ ಹತ್ತನೇ ಪಾಲು, ಸಭೆಗೆ ಸರಿಯಾಗಿ ಕೊಡಲಿಲ್ಲ ಅನ್ನೂದಕ್ಕ ಅಲ್ಲ. ಆದ್ರ ಖರೇ ಹೇಳ್ತೀನಿ, ಆ ಮೊದಲನೇ ವಾರ ರಾತ್ರಿ ಕುಂತು ದಶಮಾಂಶದ ಲೆಕ್ಕಾ ಹಾಕಿದ್ದೆ. ನನ್ನ ಜೋಡಿ ಕೆಲಸಾ ಕಳಕೊಂಡವರೊಳಗ ದಿನಾ ವಿಠ್ಠಲನ ಪೂಜೆ ಮಾಡೋ ಮಂದಿ ಇದ್ರು, ಐದು ಹೊತ್ತು ನಮಾಜ್ ಮಾಡೋರಿದ್ರು, ಏನೂ ನಂಬದವರೂ ಇದ್ರು. ದೇವರು ನನ್ನೊಬ್ಬನಿಗೆ ಬುದ್ಧಿ ಕಲಿಸಾಕ ಅವರೆಲ್ಲರ ಪಗಾರ ನಿಲ್ಲಿಸಿದ ಅಂತ ತಿಳ್ಕೊಂಡಿದ್ನಲ್ಲ, ನನ್ನ ಜಂಭ ನೋಡ್ರಿ.

ದೇವರ ಮ್ಯಾಲೆ ಸಿಟ್ಟು ಬರ್ತದ. ಪಾಪ ಆಗ್ತದೇನು?

ಕೀರ್ತನೆಗಳನ್ನ ತೆಗೀರಿ. ನಮ್ಮ ಸಭೆಗಳಾಗ 23 ಮತ್ತ 91 ಓದಿ ಓದಿ ಹಾಳಿ ಮೆತ್ತಗಾಗಿರ್ತಾವ, ಉಳಿದವು ಗರಿಗರಿ ಇರ್ತಾವ. 13ನೇದು ತೆಗೀರಿ, ಎರಡೇ ವಚನದಾಗ ನಾಕು ಸಲ ಎಲ್ಲೀ ತನಕ, ಎಲ್ಲೀ ತನಕ ಅಂತ ಕೇಳ್ತಾನ. 88ನೇದು ಇನ್ನೂ ಕಠಿಣ. ಬ್ಯಾರೆ ಕೀರ್ತನೆಗಳು ಅತ್ತು ಕರೆದು ಕಡೀಕೆ ಸ್ತೋತ್ರಕ್ಕ ಬರ್ತಾವ, ಇದು ಬರೂದಿಲ್ಲ, ಕತ್ತಲಿಯೊಳಗ ಶುರುವಾಗಿ ಕತ್ತಲಿಯೊಳಗ ಮುಗೀತದ. ಅದನ್ನೂ ಸತ್ಯವೇದದಾಗ ಇಟ್ಟಾರ, ಯಾರೂ ತೆಗದು ಹಾಕಲಿಲ್ಲ, ಕಡೀಗೆ ಒಂದು ಹಲ್ಲೆಲೂಯ ಸೇರಿಸಿ ರಿಪೇರಿ ಮಾಡಲಿಲ್ಲ. ಶಿಲುಬಿ ಮ್ಯಾಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲು, ಯಾಕ ಕೈಬಿಟ್ಟೆ ಅನ್ನೋ ಪ್ರಶ್ನೆ.

ಸಿಟ್ಟು ಬಂದವ ಇನ್ನೂ ಮಾತಾಡ್ತಿರ್ತಾನ್ರಿ. ನನಗ ಅಂಜಿಕಿ ಆಗೋದು ಮಾತು ಬಿಟ್ಟವರನ್ನ ನೋಡಿದ್ರ. ಗಂಡ ಹೆಂಡತಿ ಜಗಳ ಮಾಡೋ ಮನಿಕಿಂತ ಪಾತ್ರಿ ಸಪ್ಪಳಾನೂ ಇಲ್ಲದ ಮನಿ ಹೆಂಗಿರ್ತದ ಗೊತ್ತಲ್ಲ ನಿಮಗ, ಹಂಗ.

"ನಿನ್ನ ವಿಷಯದಾಗ ನನ್ನ ಆಲೋಚನೆ ಒಳ್ಳೇದು" ಅನ್ನೋ ಯೆರೆಮೀಯ 29:11 ದಿನಾ ವಾಟ್ಸಾಪಿಗೆ ಬರ್ತದ. ನಂಬಬೇಕಾ ಬ್ಯಾಡಾ?

ನಂಬ್ರಿ, ಆದ್ರ ಮೊದಲನೇ ವಚನದಿಂದ ಓದಿ ನಂಬ್ರಿ. ಅದು ಒಂದು ಕಾಗದ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ತನ್ನ ದೇಶಕ್ಕ ಎಳಕೊಂಡು ಹೋದ ಮಂದಿಗೆ ಯೆರೆಮೀಯ ಬರೆದದ್ದು. ಹೂವಿನ ಫೋಟೋ ಮ್ಯಾಲೆ ಬರೋ 11ನೇ ವಚನಕ್ಕ ಒಂದೇ ವಚನ ಹಿಂದ, 10ರಾಗ, ಏನೈತಿ ಅಂದ್ರ 70 ವರ್ಷ ಆದ ಮ್ಯಾಲೆ ನಿಮ್ಮನ್ನ ವಾಪಸ್ ಕರಕೊಂಡು ಬರ್ತೀನಿ ಅಂತ. ಎಪ್ಪತ್ತು! ಕಾಗದ ಓದಿಸಿಕೊಂಡ ಭಾಳ ಮಂದಿ ಅಲ್ಲೇ ಮಣ್ಣಾದ್ರು ಅಂತ ಅರ್ಥ. ಅದರ ಹಿಂದಿನ ಅಧ್ಯಾಯದಾಗ ಹನನ್ಯ ಅಂತ ಒಬ್ಬ ಪ್ರವಾದಿ ಬರ್ತಾನ, ಬರೇ ಎರಡು ವರ್ಷದಾಗ ಎಲ್ಲಾ ಸರಿಹೋಗ್ತದ ಅಂತ ದೇವಾಲಯದಾಗ ನಿಂತು ಘೋಷಣೆ ಮಾಡ್ತಾನ, ಜನಕ್ಕ ಅವನ ಮಾತೇ ಸಿಹಿ ಅನಿಸಿರಬೇಕು. ಸುಳ್ಳು ಪ್ರವಾದಿ ಅಂತ ಹೆಸರು ಬಂದದ್ದು ಅವನಿಗೆ.

ಮತ್ತ ಆ 70 ವರ್ಷ ಏನು ಮಾಡಬೇಕು? 5ರಿಂದ 7ನೇ ವಚನ: ಮನಿ ಕಟ್ಕೊಳ್ರಿ, ತ್ವಾಟ ಹಚ್ರಿ, ಮಕ್ಕಳ ಮದುವಿ ಮಾಡ್ರಿ, ನೀವಿರೋ ಪಟ್ಟಣದ ಕ್ಷೇಮಕ್ಕ ಪ್ರಾರ್ಥನೆ ಮಾಡ್ರಿ, ಅದರ ಕ್ಷೇಮದಾಗ ನಿಮ್ಮ ಕ್ಷೇಮ ಐತಿ. ಊರು ಬಿಟ್ಟು ಬಂದು ಪುಣೆ ಮುಂಬೈದಾಗ ಬಾಡಿಗಿ ಮನ್ಯಾಗ ಇರೋ ನಮ್ಮಂಥವರಿಗೆ ಇದಕ್ಕಿಂತ ನೇರ ಮಾತು ಬ್ಯಾರೆ ಬೇಕೇನು? ನಾ ಅಂತೂ 11ನ್ನ ಬಿಟ್ಟು 5ನೇ ವಚನ ಹಿಡ್ಕೊಂಡೆ. ಬಾಲ್ಕನ್ಯಾಗ ಹಳೇ ಎಣ್ಣಿ ಡಬ್ಬಿಯೊಳಗ ಮೆಂತೆ ಹಾಕಿದೆ. ನಗಬ್ಯಾಡ್ರಿ, ಬೆಳಿಗ್ಗೆ ಎದ್ದು ನೋಡಾಕ ಒಂದು ಏನರ ಬೇಕಿತ್ತು.

ಪ್ರಾರ್ಥನೆ ಮಾಡಾಕ ಕುಂತ್ರ ಮಾತೇ ಬರವಲ್ದು. ಏನು ಮಾಡ್ಲಿ?

ಮೊದಲು ನಿದ್ದಿ ಮಾಡ್ರಿ, ಊಟ ಮಾಡ್ರಿ. ನಾ ಚೇಷ್ಟಿ ಮಾಡವಲ್ಲೆ. 1 ಅರಸುಗಳು 19ರಾಗ ಪ್ರವಾದಿ ಎಲೀಯ ಗಿಡದ ಬುಡಕ ಬಿದ್ದು ಸಾಕು ಕರ್ತನೇ, ನನ್ನ ಜೀವಾ ತಕ್ಕೋ ಅಂತಾನ. ದೇವದೂತ ಬಂದು ಉಪದೇಶ ಮಾಡಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋತು ಅಂತ ಕೇಳಲಿಲ್ಲ. ಕೆಂಡದ ಮ್ಯಾಲೆ ಸುಟ್ಟ ರೊಟ್ಟಿ, ಒಂದು ತಂಬಿಗಿ ನೀರು. ತಿಂದು ಮತ್ತ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತ ತಿನ್ನಿಸಿದ. ಮಾತುಕತಿ ಎಲ್ಲಾ ಆಮ್ಯಾಲೆ, 40 ದಿನ ನಡೆದು ಹೋರೇಬ್ ಬೆಟ್ಟಕ್ಕ ಹೋದ ಮ್ಯಾಲೆ.

ಸ್ವಂತ ಮಾತು ಬರಲಿಲ್ಲ ಅಂದ್ರ ಬಾಯಿಪಾಠ ಬರೋದನ್ನ ಹೇಳ್ರಿ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಸಾಕು. ನಮ್ಮೊಳಗ ಕೆಲವರು ಬಾಯಿಪಾಠದ ಪ್ರಾರ್ಥನೆ ಅಂದ್ರ ಕೀಳು ಅಂತ ಮೂಗು ಮುರೀತಾರ, ಅವರಿಗೆ ಇನ್ನೂ ಅಂಥ ರಾತ್ರಿ ಬಂದಿಲ್ಲ ಅಷ್ಟೇ. ಅದೂ ಆಗಲಿಲ್ಲಾ? ರೋಮಾಪುರದವರಿಗೆ 8:26 ಓದ್ರಿ, ಮಾತಿಲ್ಲದ ನರಳಾಟನೂ ಪ್ರಾರ್ಥನೆಯೊಳಗ ಲೆಕ್ಕಕ್ಕೈತಿ.

ಮನಿಯವರಿಗೆ, ಸಭೆಯವರಿಗೆ ಹೇಳಬೇಕಾ? ವಿಶ್ವಾಸಿ ಅನ್ನೋ ನಮ್ಮ ಸಾಕ್ಷಿ ಕೆಡ್ತದಲ್ಲಾ?

ಇದರಾಗ ನಾ ತಪ್ಪು ಮಾಡಿದವ, ಅದಕ್ಕ ಉದ್ದ ಬರೀತೀನಿ.

ಕಂಪ್ನಿ ಮುಚ್ಚಿ ಎರಡು ತಿಂಗಳು ನಾ ಮನ್ಯಾಗ ಹೇಳಲಿಲ್ಲ. ಬೆಳಿಗ್ಗೆ ಆರೂವರೆಗೆ ಡಬ್ಬಿ ಹಿಡ್ಕೊಂಡು ಹೊರಗ ಬೀಳ್ತಿದ್ದೆ, ನಿಗಡಿ ಕಡೆ ಒಂದು ಗಾರ್ಡನ್, ಅಲ್ಲಿ ಬಿಸಲು ಬಂದ್ರ ಸ್ಟೇಷನ್ನು, ಅಲ್ಲೇ ಚಪಾತಿ ಪಲ್ಯ ತಿಂದು ಸಂಜಿಗೆ ವಾಪಸ್. ಭಾನುವಾರ ಸಭೆಯೊಳಗ ಸಾಕ್ಷಿ ಹೇಳೋ ಹೊತ್ತಿನ್ಯಾಗ ಎದ್ದು ನಿಂತು "ಕರ್ತನು ಈ ವಾರವೂ ನಡೆಸಿದನು, ಸ್ತೋತ್ರ" ಅಂತಿದ್ದೆ. ಎಲ್ಲರೂ ಆಮೆನ್ ಅಂತಿದ್ರು. ಪ್ರಾರ್ಥನೆ ವಿಷಯ ಕೇಳಿದ್ರ ಪ್ರಯಾಣದ ಸುರಕ್ಷತೆ ಅಂತಿದ್ದೆ!

ಕಡೀಕೆ ಹೆಂಡತಿಗೆ ಹೆಂಗ ಗೊತ್ತಾತು ಅಂದ್ರ, ನಾನು ಬಸ್ಸಿಗೆ ಬಯ್ಯೂದು ನಿಂದ್ರಿಸಿದ್ದೆ. 15 ವರ್ಷ ದಿನಾ ಸಂಜಿಗೆ ಬಂದು ಕಾಲು ತೊಳಕೊಳ್ಳೂತ ಕಂಪ್ನಿ ಬಸ್ಸಿಗೆ ಬಯ್ತಿದ್ದವ ಎರಡು ತಿಂಗಳು ಸುಮ್ನಿದ್ದೆ. "ಏನ್ರಿ, ಬಸ್ ಬದಲಿ ಮಾಡ್ಯಾರೇನು?" ಅಂದ್ಲು. ಅಷ್ಟೇ ಕೇಳಿದ್ದು, ನಾ ಅಲ್ಲೇ ಬಚ್ಚಲಮನಿ ಬಾಗಲದಾಗ ಕುಂತು ಅತ್ತೆ. ಅಕಿ ಬೇಜಾರು ಮಾಡ್ಕೊಂಡದ್ದು ಕೆಲಸಾ ಹೋದದ್ದಕ್ಕಲ್ಲ. ನಾನು ಸ್ಟೇಷನ್ನಿನ್ಯಾಗ ಒಬ್ಬನೇ ಕುಂತು ಡಬ್ಬಿ ತಿಂದದ್ದಕ್ಕ. ಇವತ್ತಿಗೂ ಆ ಮಾತು ತೆಗದ್ರ ಎದ್ದು ಒಳಗ ಹೋಗ್ತಾಳ.

ಅದಕ್ಕ ಹೇಳ್ತೀನಿ, ಮನಿಯವರಿಗೆ ಅವತ್ತೇ ಹೇಳ್ರಿ. ಸಭೆಯೊಳಗ ಎಲ್ಲರಿಗೂ ಬ್ಯಾಡ, ಬಾಯಿ ಗಟ್ಟಿ ಇರೋ ಇಬ್ಬರು ಮೂವರಿಗೆ ಹೇಳ್ರಿ. ಸಾಕ್ಷಿ ಕೆಡೂದು ಕಷ್ಟ ಬಂದದ್ದಕ್ಕಲ್ಲ, ನಾ ಮಾಡಿದಂಥ ನಾಟಕಕ್ಕ. ಮಕ್ಕಳಿಗೂ ವಯಸ್ಸಿಗೆ ತಕ್ಕಂಗ ಹೇಳ್ರಿ, ಅವಕ್ಕ ಗೋಡಿ ಆಚೆ ಪಿಸುಮಾತು ಕೇಳ್ತಿರ್ತದ, ಅರ್ಧ ಕೇಳಿದ್ದಕ್ಕ ಅವೇ ಇನ್ನರ್ಧ ಕೂಡಿಸ್ಕೊಂಡು ಅಂಜತಾವ.

ಇಂಥಾದ್ದನ್ನೆಲ್ಲಾ ಖರೇ ಅನುಭವಿಸಿ ನಂಬಿಕಿ ಉಳಿಸ್ಕೊಂಡವರು ನಮ್ಮ ಕಡೆಯವರು ಯಾರಿದ್ದಾರ್ರಿ?

ಪುಣೆದಾಗ ಕುಂತು ಈ ಪ್ರಶ್ನೆ ಕೇಳ್ತೀರಲ್ಲ! ಪುಣೆ ಸ್ಟೇಷನ್ನಿನಿಂದ ದೌಂಡ್ ಲೋಕಲ್ ಹತ್ತಿ ಕೇಡಗಾವಕ್ಕ ಹೋಗ್ರಿ, ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇವತ್ತಿಗೂ ಐತಿ. ಮರಾಠಿ ಮಂದಿ ತಮ್ಮವರು ಅಂತಾರ, ಖರೇನೂ ಹೌದು, ಆದ್ರ ಹುಟ್ಟಿದ್ದು 1858ರಾಗ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಅಡವಿಯೊಳಗ. ತಂದಿ ಅನಂತಶಾಸ್ತ್ರಿ ಡೋಂಗ್ರೆ, ಹೆಂಗಸರಿಗೆ ಸಂಸ್ಕೃತ ಕಲಿಸಬೇಕು ಅಂತ ಹಟ ಹಿಡಿದವರು, ಹೆಂಡತಿಗೂ ಮಗಳಿಗೂ ಕಲಿಸಿದ್ರು. ಮುಂದ ಮನಿತನ ಊರೂರು ತಿರುಗಿ ಪುರಾಣ ಹೇಳಿ ಜೀವನ ಮಾಡ್ತಿತ್ತು. 1870ರ ದಶಕದ ಬರಗಾಲದಾಗ ತಂದಿ, ತಾಯಿ, ಅಕ್ಕ, ಮೂವರೂ ಹೋದ್ರು. ಉಳಿದವರು ಅಕಿ ಮತ್ತ ಅಣ್ಣ ಶ್ರೀನಿವಾಸ. ಇಬ್ಬರೂ ನಡಕೊಂಡು ದೇಶ ಸುತ್ತಿ 1878ಕ್ಕ ಕಲಕತ್ತಾ ಮುಟ್ಟಿದ್ರು, ಅಲ್ಲಿನ ಪಂಡಿತರು ಅಕಿ ಸಂಸ್ಕೃತ ಕೇಳಿ ಸರಸ್ವತಿ ಅಂತ ಬಿರುದು ಕೊಟ್ರು. 1880ರಾಗ ಅಣ್ಣನೂ ಹೋದ. ಅದೇ ವರ್ಷ ಬಂಗಾಲಿ ವಕೀಲ ಬಿಪಿನ್ ಬಿಹಾರಿ ಮೇಧಾವಿ ಜೋಡಿ ಮದುವಿ, ಅದೂ ಜಾತಿ ಮೀರಿ. 1881ರಾಗ ಮಗಳು ಮನೋರಮಾ. 1882ರಾಗ ಕಾಲರಾ ಬಂದು ಗಂಡ ಹೋದ. ಇನ್ನೂ 24 ತುಂಬಿರಲಿಲ್ಲ ಆಕಿಗೆ.

ನೋಡ್ರಿ, ಇಲ್ಲಿ ತನಕ ಆಕಿ ಕ್ರೈಸ್ತಳೇ ಅಲ್ಲ. ದೀಕ್ಷಾಸ್ನಾನ ಆದದ್ದು 1883ರಾಗ, ಇಂಗ್ಲೆಂಡಿನ್ಯಾಗ. ಆಮ್ಯಾಲೆ ಸುಖ ಬಂತಾ ಅಂದ್ರ, ಇಲ್ಲ. 1889ರಾಗ ಮುಂಬೈದಾಗ ಶಾರದಾ ಸದನ ತೆಗದು ಮರುವರ್ಷ ಪುಣೆಕ್ಕ ತಂದ್ರು, ವಿಧವೆಯರಿಗೆ ಶಾಲಿ. ಹುಡುಗ್ಯಾರನ್ನ ಮತಾಂತರ ಮಾಡ್ತಾಳ ಅಂತ ಪುಣೆ ಮಂದಿ ಬಿದ್ದು ಬಯ್ದ್ರು, ಮೊದಲು ಹೊಗಳಿದವರೇ ಹಿಂದ ಸರಿದ್ರು. 1896ರಾಗ ಮತ್ತ ಬರಗಾಲ ಬಂತು. ಬರದಾಗ ತಂದಿತಾಯಿನ್ನ ಕಳಕೊಂಡಾಕಿ ಈ ಸಲ ಮಧ್ಯಪ್ರಾಂತ್ಯಕ್ಕ ಹೋಗಿ ಹಸಿದ ಹುಡುಗ್ಯಾರನ್ನ ಕರಕೊಂಡು ಬಂದಳು, ಕೇಡಗಾವದಾಗ ಇಟ್ಟಳು. ಅದೇ ಮುಕ್ತಿ. ನನಗ ಈ ಒಂದು ವಿಷಯ ಭಾಳ ಕಾಡ್ತದ: ಆಕಿ ಬರಗಾಲ ಯಾಕ ಬಂತು ಅಂತ ಪುಸ್ತಕ ಬರೀತಾ ಕುಂಡ್ರಲಿಲ್ಲ, ಬರಗಾಲ ಅಂದ್ರ ಏನು ಅಂತ ಆಕಿಗೆ ಹೊಟ್ಟಿಯಿಂದ ಗೊತ್ತಿತ್ತು, ಅದಕ್ಕ ಎಲ್ಲಿಗೆ ಹೋಗಬೇಕು ಅನ್ನೂದೂ ಗೊತ್ತಿತ್ತು.

1910ರ ದಶಕದಾಗ ಮನೋರಮಾನ ಜೋಡಿ ನಮ್ಮ ಗುಲ್ಬರ್ಗಾದಾಗೂ ಶಾಲಿ ತೆಗದ್ರು. ಸಾದಾ ಹೆಂಗಸರಿಗೂ ತಿಳಿಯೋ ಮರಾಠಿಯೊಳಗ ಸತ್ಯವೇದ ಬರಬೇಕು ಅಂತ ಹೀಬ್ರೂ, ಗ್ರೀಕ್ ಕಲಿತು ಭಾಷಾಂತರ ಮಾಡಿದ್ರು. 1921ರಾಗ ಆ ಒಬ್ಬಳೇ ಮಗಳೂ ತೀರಿಕೊಂಡಳು. 1922ರ ಏಪ್ರಿಲ್ 5ಕ್ಕ ತಾಯಿ. ಯಾರಾದ್ರೂ "ವಿಶ್ವಾಸ ಇಟ್ರ ಕಷ್ಟ ಬರೂದಿಲ್ಲ" ಅಂದ್ರ ನಾ ಅವರಿಗೆ ದೌಂಡ್ ಲೋಕಲ್ ಟೈಮಿಂಗ್ ಹೇಳ್ತೀನಿ.

ಇನ್ನು ನಮ್ಮ ಬಾಸೆಲ್ ಮಿಷನ್ ಸಭೆಗಳ ಕತಿನೂ ಹಂಗ ಐತಿ. 1834ರಾಗ ಮಂಗಳೂರಾಗ ಶುರುವಾದ ಮಿಷನ್ನು, ಜಾತಿ ಬಿಟ್ಟು ಬಂದು ಕಸಬು ಕಳಕೊಂಡವರಿಗೆ ನೇಕಾರಿಕಿ, ಹಂಚಿನ ಕಾರ್ಖಾನಿ ಅಂತ ದಾರಿ ಮಾಡಿಕೊಟ್ಟಿತ್ತು. 1914ರಾಗ ಮಹಾಯುದ್ಧ ಹತ್ತಿದಾಗ ಜರ್ಮನ್ ಪಾದ್ರಿಗಳನ್ನ ಸರ್ಕಾರ ಹಿಡಿದು ಒಳಗ ಹಾಕ್ತು. ಸಭೆಗಳು ಅಯ್ಯನೋರಿಲ್ಲದ ಮನಿ ಆದವು, ಆದ್ರೂ ನಡದವು, ಇಲ್ಲಂದ್ರ ನಾ ಇವತ್ತು ಇದನ್ನ ಬರೀತಿರಲಿಲ್ಲ.

ಸಭೆಯೊಳಗ ಒಬ್ಬರ ಗಂಡ ಸಣ್ಣ ವಯಸ್ಸಿನ್ಯಾಗ ತೀರಿಕೊಂಡ. ಹೋಗಿ ಏನು ಹೇಳ್ಬೇಕು?

ಏನೂ ಹೇಳಬ್ಯಾಡ್ರಿ. "ದೇವರಿಗೆ ಒಳ್ಳೇ ಹೂವು ಬೇಕಾಗಿತ್ತು" ಅನ್ನೂದಂತೂ ಬ್ಯಾಡೇ ಬ್ಯಾಡ, ನಾಕು ವರ್ಷದ ಕೂಸು ಅದನ್ನ ಕೇಳಿ ದೇವರು ಅಪ್ಪನ್ನ ಹರಕೊಂಡು ಹೋದ ಅಂತ ತಿಳ್ಕೊಂಡದ್ದನ್ನ ನಾ ಕಣ್ಣಾರೆ ಕಂಡೀನಿ. ಮಕ್ಕಳು, ಆಸ್ತಿ ಎಲ್ಲಾ ಕಳಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ಬಾಯಿ ಮುಚ್ಚಿ ಅವನ ಜೋಡಿ ನೆಲದ ಮ್ಯಾಲೆ ಕುಂತಿದ್ರು, ಅಲ್ಲೀ ತನಕ ಅವರು ಭಾಳ ಚೊಲೋ ಗೆಳೆಯರು. ಬಾಯಿ ತೆಗದ ಮ್ಯಾಲೆ ಕೆಟ್ರು, ಕಡೀಕೆ ದೇವರಿಂದನೇ ಬೈಸ್ಕೊಂಡ್ರು. ಸತ್ತ ಗೆಳೆಯ ಲಾಜರನ ಸಮಾಧಿಗೆ ಹೊಂಟಾಗ ಯೇಸು, ಇನ್ನೈದು ನಿಮಿಷಕ್ಕ ಅವನನ್ನ ಎಬ್ಬಿಸೋನು ತಾನೇ, ಆದ್ರೂ ಅತ್ತ.

ಮಾಡೂ ಕೆಲಸಾ ಭಾಳ ಇರ್ತಾವ. ಮೊದಲ ವಾರ ಊಟ ಎಲ್ಲರೂ ತರ್ತಾರ, ಮೂರನೇ ವಾರ ಯಾರೂ ತರೂದಿಲ್ಲ, ನೀವು ಮೂರನೇ ವಾರ ತರ್ರಿ. ಮರಣದ ದಾಖಲೆಗೆ ವಾರ್ಡ್ ಆಫೀಸಿಗೆ ಜೋಡಿ ಹೋಗ್ರಿ, ಬ್ಯಾಂಕು, ಇನ್ಶೂರೆನ್ಸು, ಪಿಎಫ್ ನಾಮಿನಿ ಕಾಗದ ತುಂಬಾಕ ಕುಂಡ್ರಿ, ಮರಾಠಿ ಬರದ ಹೆಣ್ಣುಮಗಳಾದ್ರ ಇದು ಎಷ್ಟು ದೊಡ್ಡ ಉಪಕಾರ ಅಂತ ನಿಮಗ ಅಂದಾಜಿಲ್ಲ. ಬಟ್ಟಿಯಿಲ್ಲದವರಿಗೆ ಊಟವಿಲ್ಲದವರಿಗೆ "ಬೆಚ್ಚಗಿರು, ಸಮಾಧಾನದಿಂದ ಹೋಗು" ಅಂದ್ರ ಏನು ಬಂತು ಅಂತ ಯಾಕೋಬನೂ ತನ್ನ ಪತ್ರದ 2ನೇ ಅಧ್ಯಾಯದಾಗ ಕೇಳ್ತಾನ. ವರ್ಷದ ಮ್ಯಾಲೆ ಸತ್ತವರ ಹೆಸರು ತೆಗದು ಮಾತಾಡ್ರಿ. ಅವರಿಗೆ ನೆನಪಾಗಿ ದುಃಖ ಆಗ್ತದ ಅಂತ ನಾವು ಸುಮ್ನಿರ್ತೀವಿ, ಅವರು ಮರೆತಿದ್ರಲ್ಲಾ ನೆನಪಾಗಾಕ!

ನೊವೊಮಿ ಗಂಡ ಇಬ್ಬರು ಮಕ್ಕಳನ್ನ ಕಳಕೊಂಡು ಬೇತ್ಲೆಹೇಮಿಗೆ ಬಂದಾಗ ನನ್ನನ್ನ ಮಾರಾ ಅನ್ರಿ, ಅಂದ್ರ ಕಹಿ, ಅಂತಾಳ. ಊರ ಹೆಂಗಸರು ಹಂಗೆಲ್ಲಾ ಅನಬಾರದು ಅಂತ ತಿದ್ದಲಿಲ್ಲ. ಅದು ನನಗ ಸೇರ್ತದ.

ಡಾಕ್ಟರ್, ಕೌನ್ಸೆಲರ್ ಹತ್ರ ಹೋದ್ರ ವಿಶ್ವಾಸ ಕಡಿಮಿ ಅಂದಂಗ ಆಗ್ತದೇನು?

ಇಲ್ಲ. ಅಪೊಸ್ತಲ ಪೌಲನ ಜೋಡಿ ತಿರುಗಿದ ಲೂಕ ವೈದ್ಯ, ಜೊತಿಗಾರ ತಿಮೊಥೆಯನ ಹೊಟ್ಟಿಗೆ ಪೌಲನೇ ಔಷಧ ಹೇಳಿ ಬರ್ದಾನ. ಶುಗರಿಗೆ ಗುಳಿಗಿ ನುಂಗೋರು ಮನಸಿನ ಗುಳಿಗಿಗೆ ಮಾತ್ರ ಯಾಕ ವಿಶ್ವಾಸದ ತಕ್ಕಡಿ ತರ್ತಾರೋ ನನಗ ತಿಳಿಯೂದಿಲ್ಲ. ವಾರಗಟ್ಟಲೆ ನಿದ್ದಿ ಇಲ್ಲ, ಊಟ ಸೇರವಲ್ದು, ಬದುಕೂದೇ ಬ್ಯಾಡ ಅನಿಸಾಕ ಹತ್ತೈತಿ ಅಂದ್ರ ಪ್ರಾರ್ಥನಾಕೂಟದ ತನಕ ಕಾಯಬ್ಯಾಡ್ರಿ, ಅವತ್ತೇ ಹೇಳ್ರಿ, ಅವತ್ತೇ ಹೋಗ್ರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ ಇರ್ತದ, ರೊಕ್ಕ ಇಲ್ಲ, ಕನ್ನಡದಾಗೂ ಮಾತಾಡಬಹುದು. ನಂಬರ್ ಫೋನಿನ್ಯಾಗ ಹಾಕಿ ಇಟ್ಕೊಳ್ರಿ, ನಿಮಗಲ್ಲದಿದ್ರೂ "ಪರಿಚಯದವರೊಬ್ರಿಗೆ" ಬೇಕಾಗ್ತದ.

ಒಬ್ಬರು ಬ್ರದರ್ ಕಾಣಿಕಿನ ಬೀಜದಂಗ "ಬಿತ್ತಿದ್ರ" ಕೆಲಸಾ ತಿರುಗಿ ಸಿಗ್ತದ ಅಂದ್ರು. ಕೊಡ್ಲಾ?

ಬ್ಯಾಡ. ಮ್ಯಾಲೆ ಹನನ್ಯನ ಕತಿ ಬರ್ದೀನಲ್ಲ. ಪೌಲನಂಥವನು ಮೂರು ಸಲ ಬೇಡ್ಕೊಂಡ್ರೂ ಅವನೇ ಮೈಯಾಗಿನ ಮುಳ್ಳು ಅಂತ ಕರೆದ ಕಾಟ ಹೋಗಲಿಲ್ಲ, ಅವನ ಹತ್ರ ಕಾಣಿಕಿ ಕಡಿಮಿ ಇತ್ತೇನು? ಆ ರೊಕ್ಕ ಮನಿ ಬಾಡಿಗಿಗೆ ಇಡ್ರಿ.

ಊರಿಗೆ ವಾಪಸ್ ಹೋಗಬೇಕೋ, ಇಲ್ಲೇ ಇರಬೇಕೋ? ದೇವರ ಚಿತ್ತ ಹೆಂಗ ತಿಳಿಯೂದು?

ಗದಗದ ಕಡೆ ಮನಿ ಇದ್ದವರಿಗೆ ಇದು ಭಾಳ ಎಳೀತದ, ನನಗೂ ಎಳೀತು. ಪೌಲ ಬಿಥೂನ್ಯಕ್ಕ ಹೋಗಬೇಕು ಅಂತ ಹೊಂಟ, ಆತ್ಮ ಬಿಡಲಿಲ್ಲ. ಯಾಕ ಅಂತ ಹೇಳಲಿಲ್ಲ, ಬರೇ ಆ ಬಾಗಲಾ ಮುಚ್ಚಿತ್ತು. ಸಮುದ್ರದ ದಂಡಿ ತ್ರೋವಕ್ಕ ಬಂದ ಮ್ಯಾಲೆ ರಾತ್ರಿ ದರ್ಶನ, ಮಕೆದೋನ್ಯಕ್ಕ ಬಾ ಅಂತ. ಹಿಂಗ ದರ್ಶನ ಬರೂ ತನಕ ಕುಂಡ್ರೋಣ ಅಂದ್ರ ನಮ್ಮ ಮನಿ ಮಾಲಕ ಕುಂಡ್ರೂದಿಲ್ಲ. ನಾವು ಮಾಡಿದ್ದು ಇಷ್ಟೇ: ಮಗಳ ಹತ್ತನೇ ಪರೀಕ್ಷಾ ಮುಗಿಯೂ ತನಕ ಇಲ್ಲೇ ಅಂತ ಒಂದು ತಾರೀಖು ಹಾಕ್ಕೊಂಡ್ವಿ, ಅಲ್ಲೀ ತನಕ ದಿನಾ ಆ ಚರ್ಚೆ ಮಾಡಬಾರದು ಅಂತ ಮಾತು. ಅರ್ಧ ಜಗಳ ಅಲ್ಲೇ ನಿಂತವು.

ಇದೆಲ್ಲಾ ಎಷ್ಟು ದಿನ ಇರ್ತದ್ರಿ?

ಯೋಸೇಫನ ಕತಿ ಸಂಡೇಸ್ಕೂಲಿನ್ಯಾಗ ಒಂದೇ ಭಾನುವಾರಕ್ಕ ಮುಗಿಸ್ತಾರ, ಅದಕ್ಕ ನಮಗ ಲೆಕ್ಕ ತಪ್ಪೈತಿ. ಆದಿಕಾಂಡ 37ರಾಗ ಅವನಿಗೆ 17 ವರ್ಷ, ಫರೋಹನ ಮುಂದ ನಿಂತಾಗ 41ರಾಗ 30 ವರ್ಷ. ನಡುವ 13 ವರ್ಷ, ಬಾವಿ, ಜೀತ, ಸುಳ್ಳು ಆರೋಪ, ಜೈಲು. ಅದರಾಗ ಎರಡು ವರ್ಷ, ಜೈಲಿನ್ಯಾಗ ಜೋಡಿ ಇದ್ದು ಬಿಡುಗಡೆ ಆದ ಫರೋಹನ ಪಾನದಾಯಕ ಇವನನ್ನ ಮರೆತೇ ಬಿಟ್ಟಿದ್ದ. ಯೆಹೋವನು ಅವನ ಸಂಗಡ ಇದ್ದನು ಅಂತ ಬರೆದದ್ದು ಅರಮನಿಯೊಳಗ ಇದ್ದಾಗ ಅಲ್ಲ, ಜೀತದ ಮನಿ ಮತ್ತ ಜೈಲಿನ ಕತಿಯೊಳಗ, 39ನೇ ಅಧ್ಯಾಯ.

ಅಣ್ಣಾರ, ನಿಮ್ಮದು ಏನಾತು ಕಡೀಕೆ?

ಚಿಖಲಿ ಕಡೆ ಒಂದು ಸಣ್ಣ ವರ್ಕ್‌ಶಾಪಿನ್ಯಾಗ ಕ್ವಾಲಿಟಿ ಚೆಕಿಂಗ್ ಕೆಲಸಾ ಸಿಕ್ಕು ಮೂರು ವರ್ಷ ಆತು, ಪಗಾರ ಮೊದಲಿಂದಕ್ಕಿಂತ ಕಡಿಮಿ. ಹೆಂಡತಿ ಎಂಟು ಮಂದಿಗೆ ಟಿಫಿನ್ ಮಾಡಿ ಕೊಡ್ತಾಳ, ಜೋಳದ ರೊಟ್ಟಿಗೆ ಸೋಲಾಪುರದ ಹುಡುಗರು ಬೀಳ್ತಾರ. ಕಂಪ್ನಿ ಬಸ್ ಇಲ್ಲ, ಪಿಎಂಪಿ ಸಿಟಿ ಬಸ್ಸಿಗೆ ಹೋಗ್ಬೇಕು, ಅದು ಯಾವತ್ತೂ ಟೈಮಿಗೆ ಬರೂದಿಲ್ಲ, ಬಂದ್ರೂ ನಿಂದ್ರೂದಿಲ್ಲ, ನಿಂತ್ರೂ ಒಳಗ ಕಾಲಿಡಾಕ ಜಾಗ ಇರೂದಿಲ್ಲ. ದಿನಾ ಸಂಜಿಗೆ ಕಾಲು ತೊಳಕೊಳ್ಳೂತ ಅದಕ್ಕ ಬಯ್ತೀನಿ, ಅಕಿ ಒಳಗ ರೊಟ್ಟಿ ತಟ್ಟೂತ ಕೇಳ್ತಿರ್ತಾಳ.